ಮೊದಲ ಕಮಾನಿನ ಎರಡನೇ ಹಂಚು

ಹೊಳೆದಂಡೆಯ ಕಮಾನು ರಸ್ತೆಯ ಹಣೆಬರಹ ಬರೆಯಲು ಲೇಖನಿ ಎತ್ತಿರುವ ಕಾರ್ಯನಿರ್ವಾಹಕ ಅಭಿಯಂತರರಿಗೆ,

ಮಾನ್ಯರೇ,

ನಿಮ್ಮ ನೋಟೀಸನ್ನು ಓದಲು ನಾನು ಜೀವದ ಹಂಗು ತೊರೆಯಬೇಕಾಯಿತು. ನಿಮ್ಮ ಸಿಬ್ಬಂದಿ ಅದನ್ನು ಕಮಾನು ರಸ್ತೆಯ ಮೊದಲ ಕಮಾನಿನ ಒಳಗೋಡೆಗೆ ಅಂಟಿಸಿ ಹೋಗಿದ್ದಾರೆ. ಅದರ ಮೇಲುಗಡೆಯೇ ನಿಮ್ಮ ಕಚೇರಿಯ ಕೆಂಪು ಹಲಗೆ ಇದೆ: 'ಕಲ್ಲು ಬೀಳುವ ಅಪಾಯವಿದೆ. ಇಲ್ಲಿ ನಿಲ್ಲಬಾರದು.' ನಿಲ್ಲದೆ, ನಡೆಯುತ್ತ ಓದೋಣವೆಂದರೆ ಅಕ್ಷರಗಳು ಸಾಸಿವೆ ಕಾಳಿನಷ್ಟು. ನಾನು ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ಕೊನೆಗೆ ಅಂಗಡಿಯಿಂದ ಒಂದು ದೊಡ್ಡ ಸ್ಟೀಲಿನ ಬೋಗುಣಿ ತಂದು ತಲೆಯ ಮೇಲೆ ಬೋರಲು ಹಾಕಿಕೊಂಡು ನಿಂತು ಓದಿದೆ. ನೋಡಿದವರು ನಕ್ಕರು. ಆದರೆ ನಿಮ್ಮ ನೋಟೀಸು, ನಿಮ್ಮ ಹಲಗೆ ಎರಡಕ್ಕೂ ಏಕಕಾಲಕ್ಕೆ ಮರ್ಯಾದೆ ಕೊಟ್ಟ ಪ್ರಜೆ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ನಂಬಿದ್ದೇನೆ.

ಓದಿದ್ದರಿಂದ ತಿಳಿದದ್ದು ಇಷ್ಟು. ಮುಂದಿನ ತಿಂಗಳಿನಿಂದ ಕಮಾನು ರಸ್ತೆಯನ್ನು ಎಲ್ಲ ಸಂಚಾರಕ್ಕೂ ಮುಚ್ಚಲಾಗುವುದು. ಕಮಾನುಗಳ ಕೆಳಗೆ ಕುಳಿತ ಅಂಗಡಿಕಾರರು ಅದಕ್ಕೂ ಮೊದಲೇ ಜಾಗ ಖಾಲಿ ಮಾಡತಕ್ಕದ್ದು. ರಸ್ತೆಯನ್ನು ಕೆಡವಬೇಕೋ, ದುರಸ್ತಿ ಮಾಡಬೇಕೋ, ಅದರ ಜಾಗದಲ್ಲಿ ಹೊಸದನ್ನು ಕಟ್ಟಬೇಕೋ ಎಂಬುದನ್ನು 'ತದನಂತರ ಪರಿಶೀಲಿಸಿ ತೀರ್ಮಾನಿಸಲಾಗುವುದು.' ಸ್ವಾಮಿ, ನನ್ನ ತಕರಾರು ಕೆಡವುವುದರ ಮೇಲೂ ಅಲ್ಲ, ಕಟ್ಟುವುದರ ಮೇಲೂ ಅಲ್ಲ. ಆ 'ತದನಂತರ'ದ ಮೇಲೆ. ಮೊದಲು ಬಾಗಿಲಿಗೆ ಬೀಗ ಹಾಕಿ, ಆಮೇಲೆ ಮನೆಯೊಳಗೆ ಯಾರಿದ್ದಾರೆಂದು ವಿಚಾರಿಸುವ ಪದ್ಧತಿಯನ್ನು ನಿಮಗೆ ಯಾವ ಕಾಲೇಜಿನಲ್ಲಿ ಕಲಿಸಿದರು?

ಈ ಪತ್ರವನ್ನು ಪರಸ್ಥಳದವರೂ ಓದುವರೆಂದು ರಸ್ತೆಯ ಪರಿಚಯ ಹೇಳುತ್ತೇನೆ. ನಿಮಗೂ ಉಪಯೋಗವಾದೀತು. ನಮ್ಮೂರು ಘಟಪ್ರಭೆಯ ದಂಡೆಗೆ ಬೆನ್ನು ಹಚ್ಚಿ ಕುಳಿತಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ, ನಡುವೆ ಊರು. ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂದಾಗಲೆಲ್ಲ ಘಟಪ್ರಭಾ ಸ್ಟೇಷನ್ನಿಗೂ ಹುಕ್ಕೇರಿಗೂ ಸಂಬಂಧ ಕಡಿದುಹೋಗುತ್ತಿತ್ತು. ನಾವಿನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಯಾರೋ ಬುದ್ಧಿವಂತರು ದಂಡೆಯುದ್ದಕ್ಕೂ ಕಲ್ಲಿನ ಕಮಾನುಗಳನ್ನೆಬ್ಬಿಸಿ, ಅವುಗಳ ಬೆನ್ನ ಮೇಲೆ ರಸ್ತೆ ಹಾಯಿಸಿದರು. ನೀರು ಕಮಾನಿನ ಕೆಳಗೆ, ಮನುಷ್ಯ ಕಮಾನಿನ ಮೇಲೆ. ಕಳೆದ ಮಳೆಗಾಲದ ಮಹಾಪೂರದಲ್ಲಿ ಕೆಳಗಿನ ಓಣಿಗಳ ಜನ ದನಕರು, ಹಾಸಿಗೆ, ಬೀಸುವ ಕಲ್ಲು ಸಮೇತ ಆ ರಸ್ತೆಯ ಮೇಲೆಯೇ ಸಂಸಾರ ಹೂಡಿದ್ದರು. ಆಗ ಈ ಶಿಥಿಲ ರಸ್ತೆ ಅಷ್ಟೂ ಜನರನ್ನು ಹೊತ್ತುಕೊಂಡು ನಿಂತಿತ್ತು. ನಿಮ್ಮ ಕಚೇರಿಯ ಜೀಪು ಮಾತ್ರ ನೀರಿಳಿದು, ಕೆಸರು ಒಣಗಿ, ಧೂಳೆದ್ದ ಮೇಲೆ ಬಂತು.

ಹಾಗೆಂದು ರಸ್ತೆ ಗಟ್ಟಿಮುಟ್ಟಾಗಿದೆ ಎಂದು ನಾನು ಆಣೆ ಮಾಡುವುದಿಲ್ಲ. ಸುಳ್ಳು ಹೇಳಿ ನನಗೇನು ಬರಬೇಕಾಗಿದೆ? ಗಾರೆ ಉದುರುತ್ತಿದೆ. ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿ, ಬೇರು ಬಿಟ್ಟು, ಈಗ ಅದಕ್ಕೆ ನಾಗರಪಂಚಮಿಗೆ ಹಾಲು ಹಾಕುವವರೂ ಹುಟ್ಟಿಕೊಂಡಿದ್ದಾರೆ. ಹೋದ ಶ್ರಾವಣದಲ್ಲಿ ಎರಡನೇ ಕಮಾನಿನಿಂದ ಒಂದು ಕಲ್ಲು ಕಳಚಿ ಕೆಳಗಿದ್ದ ಕ್ಷೌರಿಕ ಲಕ್ಕಪ್ಪನ ಕುರ್ಚಿಯ ಮೇಲೆ ಬಿತ್ತು. ಪುಣ್ಯಕ್ಕೆ ಅಂದು ಸೋಮವಾರ, ಕ್ಷೌರ ಮಾಡಿಸಿಕೊಳ್ಳುವವರಿರಲಿಲ್ಲ. ಇದನ್ನೆಲ್ಲ ನಾವು ಅರ್ಜಿ ಬರೆದು ನಿಮ್ಮ ಹಿಂದಿನವರಿಗೂ, ಅವರ ಹಿಂದಿನವರಿಗೂ ತಿಳಿಸಿದ್ದೇವೆ. ಮೂಲ ನಕ್ಷೆ ಪುಣೆಯಲ್ಲಿದೆ, ಮಂಜೂರಾತಿ ಬೆಂಗಳೂರಿನಲ್ಲಿದೆ ಎಂಬ ಉತ್ತರ ಬಂದಿತ್ತು. ಬಿರುಕೊಂದು ಮಾತ್ರ ನಮ್ಮೂರಲ್ಲಿ ಉಳಿಯಿತು.

ಕೊನೆಗೊಮ್ಮೆ ನಿಮ್ಮ ಕಚೇರಿ ಕಣ್ಣು ತೆರೆದು ಒಂದು ಆದೇಶ ಹೊರಡಿಸಿತು. ಕಮಾನು ರಸ್ತೆಯ ಮೇಲೆ ಒಂದು ಸಲಕ್ಕೆ ಒಂದೇ ವಾಹನ ಹೋಗಬೇಕು, ಅದೂ ಬಸ್ಸಾದರೆ ಖಾಲಿಯಾಗಿ ಹೋಗಬೇಕು. ತೂಕ ಕಡಿಮೆಯಾಗಲಿ ಎಂಬುದು ನಿಮ್ಮ ಉದ್ದೇಶ. ಸದುದ್ದೇಶವೇ. ಈಗ ಅದು ಹೇಗೆ ಜಾರಿಯಾಗಿದೆ ಎಂದು ಕೇಳಿ. ಘಟಪ್ರಭಾದಿಂದ ಬಂದ ಬಸ್ಸು ಮೊದಲ ಕಮಾನಿನ ಬಳಿ ನಿಲ್ಲುತ್ತದೆ. ಮುಂದಿನ ವಾಹನಗಳೆಲ್ಲ ದಾಟುವ ತನಕ ಸರದಿ ಕಾಯುತ್ತದೆ. ಸರದಿ ಬಂದಾಗ ಎಲ್ಲರೂ ಇಳಿಯುತ್ತಾರೆ. ಇಳಿಯುವ ಮೊದಲು ಸೀಟಿನ ಮೇಲೆ ಟವೆಲ್ಲು, ಕೊಡೆ, ತಲೆಯ ಟೊಪ್ಪಿಗೆ, ಏನೂ ಇಲ್ಲದವರು ಕಾಲಿನ ಒಂದು ಚಪ್ಪಲಿ ಇಟ್ಟಿರುತ್ತಾರೆ. ಬಸ್ಸು ಖಾಲಿ ಹೊರಡುತ್ತದೆ. ಹಿಡಿದ ಸೀಟು ಕೈತಪ್ಪೀತೆಂದು ಅಷ್ಟೂ ಜನ ಕಿಟಕಿಯ ಸರಳಿಗೆ ಕೈ ಹಚ್ಚಿ ಬಸ್ಸಿನ ಬಾಜೂಬಾಜೂವೇ ನಡೆಯುತ್ತಾರೆ. ಅದೇ ರಸ್ತೆ, ಅದೇ ಕಮಾನು, ಅದೇ ಹೊತ್ತು. ಒಳಗಿದ್ದ ಭಾರ ಹೊರಗೆ ಬಂದು ಕಾಲಮೇಲೆ ನಡೆಯುತ್ತಿದೆ, ಅಷ್ಟೇ. ತುಕ್ಕಾನಟ್ಟಿಯ ರೈತರ ಬೆಲ್ಲದ ಪೆಂಟಿಗಳು ಮಾತ್ರ ಬಸ್ಸಿನ ಟಪ್ಪಿನ ಮೇಲೆ ಆರಾಮ ಕುಳಿತು ದಾಟುತ್ತವೆ. ಆದೇಶದಲ್ಲಿ ಬೆಲ್ಲದ ಮಾತಿಲ್ಲ.

ಇದನ್ನು ನಾನು ನಮ್ಮ ಬಸ್ಸಿನ ಕಂಡಕ್ಟರ್ ಖಂಡೆಪ್ಪನ ಮುಂದೆ ಆಡಿದೆ. ಬಸ್ಸು ದಾಟಿದ ಮೇಲೆ ಜನರನ್ನು ಬಿಡಬಾರದೇನಪ್ಪಾ ಎಂದೆ. ಅವನು ಟಿಕೆಟ್ ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡು ತಣ್ಣಗೆ ಹೇಳಿದ: "ಬಸ್ ಖಾಲಿ ಇರಬೇಕಂತ ಬರದಾರ್ರಿ ಶೆಟ್ರ. ರಸ್ತಿ ಖಾಲಿ ಇರಬೇಕಂತ ಎಲ್ಲೂ ಬರದಿಲ್ಲ."

ಅವನ ಮಾತಿಗೆ ಉತ್ತರ ನಿಮ್ಮ ಬಳಿ ಇದ್ದರೆ ಕೊಡಿ. ಇನ್ನು ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಟೇಪಿನಲ್ಲಿ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಕಥೆ ಬೇರೆ. ಅವು ಇಳಿಯುವುದೂ ಇಲ್ಲ, ಇಳಿಸುವುದೂ ಇಲ್ಲ. ವಿಚಾರಿಸಿದರೆ, ಟ್ರ್ಯಾಕ್ಟರ್ ಎನ್ನುವುದು ಒಕ್ಕಲುತನದ ಸಾಮಾನು, ವಾಹನವಲ್ಲ ಎಂದು ನಿಮ್ಮ ಕಚೇರಿಯವರೇ ತಿಳಿವಳಿಕೆ ಕೊಟ್ಟರು. ಹಾಗಾದರೆ ನಮ್ಮ ರಸ್ತೆಯ ಮೇಲೆ ನಿಜವಾಗಿ ಭಾರವಾದದ್ದು ಕೂತ ಮನುಷ್ಯ ಮಾತ್ರ.

ನಗುವಷ್ಟು ನಕ್ಕೆವು. ಇನ್ನು ನಗಲಾಗದ ಮಾತಿಗೆ ಬರುತ್ತೇನೆ. ನನ್ನ ಅಕ್ಕ ಕಮಲವ್ವ, ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ನರ್ಸಬಾಯಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಮ್ಮ ತಂದೆ ಬೇಡವೆಂದರೂ ಹಟ ಹಿಡಿದು ಕಲಿತು ನೌಕರಿ ಸೇರಿದವಳು. ಈ ಸೀಮೆಯ ಅರ್ಧ ಜನರ ಮೊದಲ ಅಳುವನ್ನು ಕೇಳಿದ ಕಿವಿ ಅವಳದು. ನಾವು ಜೈನರು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬ ನೇಮವಿದೆ. ನಾನು ಅಂಗಡಿ ಮುಚ್ಚಿ ಬಂದು ದೀಪದ ಬೆಳಕಿನಲ್ಲಿ ಗಡದ್ದಾಗಿ ಉಣ್ಣುವ ಪಾಪಿ. ಅಕ್ಕ ಹಾಗಲ್ಲ. ನೇಮ ಹಿಡಿದ ದಿನದಿಂದ ಇಂದಿನವರೆಗೆ ಸೂರ್ಯ ಹೋದ ಮೇಲೆ ಒಂದು ಅಗುಳು ಬಾಯಿಗಿಟ್ಟವಳಲ್ಲ. ಗಡ್ಡೆಗೆಣಸು, ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವುದಿಲ್ಲ. ನೀರು ಸೋಸದೆ ಕುಡಿಯುವುದಿಲ್ಲ.

ನಿಮ್ಮ ಆದೇಶಕ್ಕೆ ಮೊದಲು ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಡ್ಯೂಟಿ ಮುಗಿಸಿ ಬಸ್ಸು ಹತ್ತಿದರೆ ಹೊತ್ತು ಇರುವಾಗಲೇ ಮನೆ. ಕೈಕಾಲು ತೊಳೆದು, ಉಂಡು, ಬಸದಿಗೆ ಹೋಗಿ ಬರುತ್ತಿದ್ದಳು. ಬಸ್ಸುಗಳು ಮೊದಲ ಕಮಾನಿನ ಬಳಿ ಸಾಲುಗಟ್ಟಿ ನಿಲ್ಲತೊಡಗಿದ ಮೇಲೆ ಸೂರ್ಯ ಅವಳಿಗಿಂತ ಮೊದಲು ಮನೆ ಮುಟ್ಟತೊಡಗಿದ. ಅವನನ್ನು ಯಾರು ಇಳಿಸಿ ನಡೆಸಬೇಕು? ಡಬ್ಬಿ ಕಟ್ಟಿಕೊಂಡು ಹೋಗು, ಬಸ್ಸಿನಲ್ಲೇ ಉಣ್ಣು ಎಂದು ನಾನು ಹೇಳಿದೆ. ಕಾಲು ತೊಳೆಯದೆ, ಕೋಳಿಬುಟ್ಟಿಯ ಬಾಜೂ ಕುಳಿತು, ಓಡುವ ಗಾಡಿಯಲ್ಲಿ ತುತ್ತು ಎತ್ತುವವಳು ನಾನಲ್ಲ ಎಂದಳು. ನೌಕರಿ ಬಿಡು ಎಂದೆ. ಅವಳು ಮರುದಿನದ ಡ್ಯೂಟಿಯ ಸೀರೆ ಮಡಿಸಿಟ್ಟಳು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಹೊಟ್ಟೆ ಖಾಲಿ ಇಡಬೇಡಿ ಎಂದು ಅವಳದೇ ಆಸ್ಪತ್ರೆಯ ಡಾಕ್ಟರು ಗದರಿಸಿದ್ದರು. ಊರಿಗೆಲ್ಲ ಔಷಧ ಹೇಳುವವಳಿಗೆ ಅದು ತಿಳಿಯದೇ? ತಿಳಿದೂ ಖಾಲಿ ಹೊಟ್ಟೆಯಲ್ಲಿ ಮಲಗುತ್ತಿದ್ದಳು. ನನ್ನ ಹೆಂಡತಿ ಅವಳ ತಾಟಿನ ಮೇಲೆ ಮುಚ್ಚಿದ ತಾಟನ್ನು ಹಾಗೇ ಎತ್ತಿಡುವಾಗ ನನಗೆ ನಿಮ್ಮ ಕಚೇರಿಯ ನೆನಪಾಗುತ್ತಿತ್ತು. ಒಳ್ಳೆಯ ಮಾತುಗಳಿಂದ ಆಗುತ್ತಿರಲಿಲ್ಲ.

ಚಳಿಗಾಲದ ಒಂದು ಸಂಜೆ ಬಸ್ಸು ಸರದಿಯಲ್ಲಿ ನಿಂತಾಗ ಅಕ್ಕ ಇಳಿದು, ಕಣ್ಣು ಕತ್ತಲೆಗಟ್ಟಿ, ಮೊದಲ ಕಮಾನಿನ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಆ ಕಮಾನಿನಲ್ಲಿ ಯಮನವ್ವನ ರೊಟ್ಟಿ ಖಾನಾವಳಿ ಇದೆ. ನಿಮ್ಮ ನೋಟೀಸಿನ ಭಾಷೆಯಲ್ಲಿ 'ಅನಧಿಕೃತ ಒತ್ತುವರಿ.' ನಮ್ಮ ಭಾಷೆಯಲ್ಲಿ ಅದು ಒಂದು ಒಲೆ, ಹಿಟ್ಟು ನಾದುವ ಒಂದು ಕೊಣಮಿಗೆ, ಎರಡು ಬೆಂಚು. ಯಮನವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಅಕ್ಕನನ್ನು ಹಿಡಿದಳು. ವಿಷಯವೇನೆಂದು ಕೇಳಿ ತಿಳಿದುಕೊಂಡಳು. ಉಣ್ಣಲು ಕರೆದರೆ ಅಕ್ಕ ತಲೆಯಾಡಿಸಿದಳು. ಉಳ್ಳಾಗಡ್ಡಿ ಕಂಡ ಹಂಚಿನ ಮೇಲಿನ ರೊಟ್ಟಿ ತನಗೆ ನಡೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡ ಎಂದಳು.

ಯಮನವ್ವ ಬೇಸರ ಮಾಡಿಕೊಳ್ಳಲಿಲ್ಲ. "ನನಗೂ ಒಂದ್ ನೇಮ ಐತ್ರಿ ಅಕ್ಕಾರ," ಎಂದಳು. "ಲಿಂಗಕ್ಕ ನೀರ ಹಾಕದ ನಾ ಒಲಿ ಹಚ್ಚೂದಿಲ್ಲ. ಮಳಿ ಬರಲಿ, ಗಿರಾಕಿ ಬೈಲಿ. ನೇಮದ ಮಂದಿ ಸಂಕಟ ನನಗ ಗೊತ್ತೈತಿ. ನಾಳಿಂದ ನಿಮಗ ಬ್ಯಾರೆ ಹಂಚ ಇಡತೇನಿ."

ಇಟ್ಟಳು. ಹೊಸ ಹಂಚನ್ನು ಸಂತೆಯಿಂದ ತಂದು, ಬೇರೆ ಮೊಳೆಗೆ ತೂಗುಹಾಕಿ, ಅದರ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಂಡಳು. ನೀರು ಸೋಸಲು ಎರಡು ಮಡಿಕೆ ಮಾಡಿದ ಬಿಳಿ ಅರಿವೆ ಕಟ್ಟಿದಳು. ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ ಎಂದರೆ ಅದೂ ಒಂದು ಚಟ್ನಿಯೇ ಎಂದು ಮೊದಮೊದಲು ಗೊಣಗಿದಳಂತೆ. ಆಮೇಲೆ ಅದೇ ರುಚಿ ಹತ್ತಿ, ತಾನೂ ಅದನ್ನೇ ಹಚ್ಚಿಕೊಳ್ಳತೊಡಗಿದಳು. ಅಂದಿನಿಂದ ಸಂಜೆ ಬಸ್ಸು ಸರದಿಯಲ್ಲಿ ನಿಂತೊಡನೆ ಅಕ್ಕ ಇಳಿದು, ಕಮಾನಿನೊಳಗೆ ಕೈಕಾಲು ತೊಳೆದು, ಮಣೆಯ ಮೇಲೆ ಕುಳಿತು ಉಣ್ಣುತ್ತಾಳೆ. ಬಿಸಿರೊಟ್ಟಿ, ಹೆಸರುಕಾಳಿನ ಪಲ್ಯ. ಖಂಡೆಪ್ಪ ಬಸ್ಸಿನ ಬಾಗಿಲಲ್ಲಿ ನಿಂತು ಪಡುವಣದ ಕಡೆ ಕಣ್ಣಿಟ್ಟಿರುತ್ತಾನೆ. ಅವನಿಗೆ ಗಡಿಯಾರ ಬೇಕಿಲ್ಲ. ಕಮಲಕ್ಕಾರ, ಇನ್ನೂ ಎರಡು ರೊಟ್ಟಿಯ ಹೊತ್ತಿದೆ ಎನ್ನುತ್ತಾನೆ. ಇನ್ನು ಒಂದೇ ರೊಟ್ಟಿ, ಲಗೂ ಮಾಡಿರಿ ಎನ್ನುತ್ತಾನೆ. ಒಮ್ಮೊಮ್ಮೆ ಸರದಿ ಬಂದರೂ, ಅಕ್ಕನ ಕೈ ತಾಟಿನಲ್ಲಿದ್ದರೆ, ಡ್ರೈವರನು ಎಂಜಿನ್ನಿನಲ್ಲಿ ಏನೋ ಹುಡುಕುವವನಂತೆ ನಟಿಸುತ್ತಾನೆ. ಬಸ್ಸಿನ ತುಂಬ ಅವಸರದ ಜನ. ಯಾರೂ ಒಂದು ಮಾತು ಆಡುವುದಿಲ್ಲ. ಬಹಳ ಜನರನ್ನು ಹುಟ್ಟಿಸಿದ ಕೈ ಅದು, ಉಣ್ಣಲಿ ಬಿಡಿ ಎಂಬ ಭಾವ.

ಬಸದಿಯ ಕಟ್ಟೆಯ ಮೇಲೆ ಕೆಲವರು ಮೂಗು ಮುರಿದರು. ಖಾನಾವಳಿಯ ಊಟ ಉಂಡು ಎಂಥ ನೇಮ ಎಂದರು. ಅಕ್ಕ ಅವರಿಗೆ, ನಿಮ್ಮಲ್ಲಿ ಯಾರಾದರೂ ಹೊತ್ತಿಗೆ ಸರಿಯಾಗಿ ಕಮಾನಿನ ಬುಡಕ್ಕೆ ಬಿಸಿರೊಟ್ಟಿ ತಂದುಕೊಡುವುದಾದರೆ ನಾಳೆಯಿಂದ ಯಮನವ್ವನಿಗೆ ಬೇಡ ಎನ್ನುತ್ತೇನೆ ಎಂದಳು. ಕಟ್ಟೆ ಖಾಲಿಯಾಯಿತು.

ಮಾನ್ಯರೇ, ಹೀಗೆ ನಿಮ್ಮ ಆದೇಶ ಕಸಿದುಕೊಂಡ ಊಟವನ್ನು ನಿಮ್ಮ ಆದೇಶದ ಸರದಿಯೇ ಮರಳಿ ಕೊಟ್ಟಿತು. ಸರ್ಕಾರಿ ಕೆಲಸದಲ್ಲಿ ಇಂಥ ನ್ಯಾಯ ಅಪರೂಪ. ನಾವು ಅಷ್ಟಕ್ಕೇ ತೃಪ್ತರಾಗಿ, ಖಾಲಿ ಬಸ್ಸಿನ ಬಾಜೂ ನಡೆದುಕೊಂಡು ಸುಖವಾಗಿದ್ದೆವು. ಅಷ್ಟರಲ್ಲಿ ನೀವು ಬಂದಿರಿ.

ನೀವು ಸ್ಥಳ ಪರಿಶೀಲನೆಗೆ ಬಂದ ದಿನ ನಾನಲ್ಲಿದ್ದೆ. ನಿಮ್ಮ ಜೀಪಿನಲ್ಲಿ ಹಿಂದೆ ಮುಂದೆ ಸೇರಿ ಎಂಟು ಜನ, ಜೊತೆಗೆ ಅಳತೆಯ ಕಬ್ಬಿಣದ ಸಾಮಾನು. ಯಾರೂ ಇಳಿಯಲಿಲ್ಲ. ಜೀಪು ನೇರ ಕಮಾನು ರಸ್ತೆಯ ಮೇಲೆ ಹತ್ತಿತು. ಎದುರಿಗೆ ಬಸ್ಸಿನ ಬಾಜೂ ನಡೆದು ಬರುತ್ತಿದ್ದ ಮುದುಕರು, ಬಸುರಿಯರು ಗೋಡೆಗೆ ಅಂಟಿಕೊಂಡು ನಿಮಗೆ ದಾರಿ ಕೊಟ್ಟರು. ಮೇಲೆ ನಿಂತು ನೀವು, ರಸ್ತೆ ತುಂಬ ದುರ್ಬಲವಾಗಿದೆ ಎಂದು ಅಪ್ಪಣೆ ಕೊಡಿಸಿದಿರಿ. ಅಷ್ಟು ದುರ್ಬಲವಾದ ರಸ್ತೆಯ ಮೇಲೆ ಅಷ್ಟು ಹೊತ್ತು ನಿಂತ ನಿಮ್ಮ ಧೈರ್ಯಕ್ಕೆ ನಾವು ಬೆರಗಾದೆವು. ಸಾಹೇಬರ ತೂಕ ರಸ್ತೆಗೆ ಹತ್ತುವುದಿಲ್ಲವೇನೋ ಎಂದು ಯಾರೋ ಹಿಂದಿನಿಂದ ಅಂದರು. ನಾನಲ್ಲ. ನನಗೆ ಆಗ ಹೊಳೆದಿರಲಿಲ್ಲ.

ಆಮೇಲೆ ಕೆಳಗಿಳಿದು, ಯಮನವ್ವನ ಬೆಂಚಿನ ಮೇಲೆಯೇ ಒಂದು ನಕ್ಷೆ ಹಾಸಿದಿರಿ. ಬಣ್ಣಬಣ್ಣದ ನಕ್ಷೆ. ಕಮಾನು ಹೋದ ಮೇಲೆ ಹೊಳೆದಂಡೆ ಹೇಗೆ ಕಾಣಬೇಕು ಎಂಬುದರ ಚಿತ್ರ ಅದು. ಹುಲ್ಲುಹಾಸು, ಕಾರಂಜಿ, ಮುಂಜಾನೆ ಗಾಳಿ ಸೇವನೆಗೆ ಹೋಗುವವರಿಗೆ ಕಾಲುದಾರಿ, ದೋಣಿ ವಿಹಾರ. ಬಸ್ಸಿನ ದಾರಿ ಎಲ್ಲಿ ಎಂದರೆ, ಅದು ಇನ್ನೂ ಪರಿಶೀಲನೆಯಲ್ಲಿದೆ ಎಂದಿರಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆ ನಮ್ಮಲ್ಲಿದೆ. ನೀವು ಒಂದು ಹೆಜ್ಜೆ ಮುಂದೆ ಹೋಗಿ, ಕುಲಾವಿಯ ಆಸೆಗೆ ತಾಯಿಯನ್ನೇ ಮನೆಯಿಂದ ಹೊರಹಾಕಲು ನಿಂತಿದ್ದೀರಿ. ಮಳೆಗಾಲದಲ್ಲಿ ಆ ಹುಲ್ಲುಹಾಸಿನ ಮೇಲೆ ಎರಡು ಆಳು ನೀರು ನಿಲ್ಲುತ್ತದೆ ಸ್ವಾಮಿ. ಆಗ ಕಾರಂಜಿ ಎಲ್ಲಿದೆ ಎಂದು ಹುಡುಕಲು ನಿಮ್ಮ ದೋಣಿ ವಿಹಾರ ಉಪಯೋಗಕ್ಕೆ ಬಂದೀತು.

ಯಮನವ್ವ ಒಲೆಯ ಹತ್ತಿರದಿಂದಲೇ ಎಲ್ಲ ನೋಡುತ್ತಿದ್ದಳು. ನಿಮಗೆಲ್ಲ ಚಹಾ ಕೊಟ್ಟದ್ದು ಅವಳೇ. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದು ಕೇಳಿದಳು: "ಸಾಹೇಬ್ರ, ಇದರಾಗ ನನ್ನ ಒಲಿ ಎಲ್ಲಿ ಬರತೈತ್ರಿ?"

ನೀವು ನಕ್ಷೆಯನ್ನು ಒಮ್ಮೆ ತಿರುಗಿಸಿ, ಪಡುವಣ ಯಾವುದೆಂದು ಸಹಾಯಕರನ್ನು ಕೇಳಿ, ಒಂದು ಗುಲಾಬಿ ಬಣ್ಣದ ಚುಕ್ಕೆಯ ಮೇಲೆ ಬೆರಳಿಟ್ಟಿರಿ. ಅಲ್ಲಿ ಗುಲಾಬಿ ತೋಟ ಬರುತ್ತದೆ ಎಂದಿರಿ. ಅವಳು ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದಳು. ಹೂವು ಚಲೋನೇ ಇರುತ್ತದೆ ಎಂದಷ್ಟೇ ಹೇಳಿ ಚಹಾದ ಬಸಿಗಳನ್ನು ಎತ್ತಿಕೊಂಡು ಹೋದಳು. ಅವಳು ಜಗಳ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅನಂತರ ಬಂತು ನಿಮ್ಮ 'ಪ್ರಾಯೋಗಿಕ ಮುಚ್ಚುಗಡೆ'. ಹೋದ ತಿಂಗಳು ಕೆಲವು ದಿನ ರಸ್ತೆಗೆ ಅಡ್ಡ ಡಾಂಬರಿನ ಡಬ್ಬಿ ಇಟ್ಟು, ಮುಚ್ಚಿದರೆ ಜನರಿಗೆ ಏನಾದರೂ ತೊಂದರೆಯಾಗುವುದೋ ಎಂದು ನೋಡಿದಿರಿ. ಬಸ್ಸುಗಳು ಗುಡ್ಡ ಬಳಸಿ, ಕಾಲುವೆಯ ಏರಿ ಹಿಡಿದು, ಕಬ್ಬಿನ ಗದ್ದೆಗಳ ನಡುವೆ ಹಾದು ಊರ ಆಚೆ ತುದಿಗೆ ಬರತೊಡಗಿದವು. 'ಯಾವುದೇ ದೂರು ಸ್ವೀಕೃತವಾಗಿಲ್ಲ' ಎಂದು ನಿಮ್ಮ ವರದಿಯಲ್ಲಿ ಬರೆದಿದೆಯಂತೆ. ಸ್ವೀಕೃತವಾಗುವುದು ಹೇಗೆ? ದೂರು ಕೊಡಬೇಕಾದವರೆಲ್ಲ ಇನ್ನೂ ಬಸ್ಸಿನಲ್ಲೇ ಇದ್ದರು.

ಆ ಸುತ್ತುದಾರಿಯ ಬಸ್ಸು ಮೊದಲ ಕಮಾನಿನ ಹತ್ತಿರ ಸುಳಿಯುವುದಿಲ್ಲ. ಮೊದಲ ದಿನ ಅಕ್ಕ ಕತ್ತಲಾದ ಮೇಲೆ ಬಂದು, ನೀರೂ ಮುಟ್ಟದೆ ಮಲಗಿದಳು. ಎರಡನೇ ದಿನವೂ ಅದೇ. ಗೋಡೆ ಹಿಡಿದುಕೊಂಡು ಕೋಣೆಗೆ ಹೋಗುವುದನ್ನು ನೋಡಿದೆ. ಮೂರನೇ ದಿನ ನಾನು ಅಂಗಡಿಯ ಸಾಮಾನು ತರಲು ಘಟಪ್ರಭಾಕ್ಕೆ ಹೋಗಿದ್ದವನು ಅದೇ ಬಸ್ಸಿನಲ್ಲಿ ಅವಳ ಜೊತೆ ಹಿಂದಿರುಗುತ್ತಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಿಂದೆ ನಾವು. ಬಸ್ಸು ಆಮೆಯ ಹಾಗೆ ಹೋಗುತ್ತಿತ್ತು. ಖಂಡೆಪ್ಪ ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತು ಪಡುವಣ ನೋಡುತ್ತಿದ್ದ. ರೊಟ್ಟಿಯ ಲೆಕ್ಕ ಮಾತ್ರ ಹೇಳಲಿಲ್ಲ.

ಹೊತ್ತು ಮುಳುಗಿತು. ಅದಾದ ಸ್ವಲ್ಪ ಹೊತ್ತಿಗೆ ಕಾಲುವೆಯ ತಿರುವಿನಲ್ಲಿ ಡ್ರೈವರನು ಬ್ರೇಕು ಹಾಕಿದ. ಏರಿಯ ಮೇಲೆ ಯಮನವ್ವ ನಿಂತಿದ್ದಳು. ಒಂದು ಕೈಯಲ್ಲಿ ಬಿಳಿ ಅರಿವೆ ಕಟ್ಟಿದ ನೀರಿನ ತಂಬಿಗೆ, ಕಂಕುಳಲ್ಲಿ ರೊಟ್ಟಿಯ ಗಂಟು. ಬಸ್ಸು ಈ ದಾರಿ ಹಿಡಿದಿದೆ ಎಂದು ಕೇಳಿ, ಮಧ್ಯಾಹ್ನವೇ ಒಲೆ ಆರಿಸಿ, ಊರಿನಿಂದ ಅಲ್ಲಿಯವರೆಗೆ ನಡೆದು ಬಂದು ಕಾದಿದ್ದಾಳೆ. ಗಿರಾಕಿಗಳು ಇಲ್ಲದ ಕಮಾನಿನಲ್ಲಿ ಕೂತು ಏನು ಮಾಡಲಿ ಎಂದು ಆಮೇಲೆ ನನಗೆ ಹೇಳಿದಳು. ಬಸ್ಸಿನ ಬಾಗಿಲ ಹತ್ತಿರ ಬಂದವಳು ಅಕ್ಕನ ಮುಖ ನೋಡಿದಳು, ಪಡುವಣದ ಕಡೆ ನೋಡಿದಳು.

"ಮುಳುಗೇ ಬಿಟ್ಟಿತಲ್ರಿ ಅಕ್ಕಾರ," ಎಂದಳು.

"ಮುಳುಗಲಿ ಬಿಡ," ಎಂದಳು ಅಕ್ಕ. "ನಾಳಿ ಮತ್ತ ಹುಟ್ಟತೈತಿ. ನೀ ಮೊದಲ ಒಳಗ ಬಾ, ಕುಂದ್ರ."

ಅಕ್ಕ ಆ ಗಂಟನ್ನು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಯಮನವ್ವನ ಕಂಕುಳ ಕಾವಿಗೆ ಅದು ಇನ್ನೂ ಬೆಚ್ಚಗಿತ್ತು. ಮನೆ ಬರುವ ತನಕ ಎರಡೂ ಕೈಗಳನ್ನು ಅದರ ಮೇಲಿಂದ ತೆಗೆಯಲಿಲ್ಲ, ಬಿಚ್ಚಲೂ ಇಲ್ಲ. ಮಬ್ಬುಗತ್ತಲಲ್ಲಿ ಏನೂ ಕಾಣದಿದ್ದರೂ ನಾನು ಕಿಟಕಿಯ ಹೊರಗೇ ನೋಡುತ್ತ ಕುಳಿತೆ. ನನಗೆ ಅಳು ಬಂದಿತ್ತು. ಐವತ್ತು ದಾಟಿದ ಗಂಡಸು, ಇದನ್ನು ಬಹಿರಂಗವಾಗಿ ಬರೆಯಲು ನಾಚಿಕೆಯಿಲ್ಲ.

ಮರುದಿನ ಮುಂಜಾನೆ ಸೂರ್ಯ ಹುಟ್ಟಿದ ಮೇಲೆ ಅಕ್ಕ ಆ ತಂಗಳು ರೊಟ್ಟಿಯನ್ನೇ ಕುಳಿತು ಉಂಡಳು. ಬಿಸಿಯದು ಮಾಡಿಕೊಡುತ್ತೇನೆ ಎಂದ ನನ್ನ ಹೆಂಡತಿಯ ಮಾತು ಕೇಳಲಿಲ್ಲ. ನಾನು ಅಂಗಡಿಗೆ ಹೋಗುವ ದಾರಿಯಲ್ಲಿ ಯಮನವ್ವನನ್ನು ಕಂಡು, ನಿನ್ನೆ ನೀನಾದರೂ ಉಂಡೆಯಾ ಎಂದು ಕೇಳಿದೆ. ಅವಳ ಉತ್ತರವನ್ನು ನಿಮ್ಮ ವರದಿಗೆ ಲಗತ್ತಿಸಿಕೊಳ್ಳಿ: "ಆ ಹಂಚಿನ ರೊಟ್ಟಿ ಉಣ್ಣೋರಿಲ್ಲದ ಉಳದ ಮ್ಯಾಲ ಈ ಹಂಚಿನ ರೊಟ್ಟಿ ನನ್ನ ಗಂಟಲದಾಗ ಹೆಂಗ ಇಳಿಬೇಕ್ರಿ ಶೆಟ್ರ?"

ಇದು ಕೆಲವು ದಿನಗಳ ಪ್ರಯೋಗದ ಫಲ. ಈಗ ನೀವು ಶಾಶ್ವತವಾಗಿ ಮುಚ್ಚಲು ಹೊರಟಿದ್ದೀರಿ. ಅಕ್ಕನ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಅವಳು ನೇಮ ಬಿಡುವುದಿಲ್ಲ, ನೌಕರಿಯನ್ನೂ ಬಿಡುವುದಿಲ್ಲ. ಬಿಡು ಎನ್ನಲು ನಾನು ಯಾರು, ನೀವು ಯಾರು? ಎರಡು ವರ್ಷ ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಆ ಶರೀರ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದಾರೆ. ನಿಮ್ಮ ಕಡತದಲ್ಲಿ ಇದು ಒಂದು ಹೆಂಗಸಿನ ಊಟದ ಪ್ರಶ್ನೆಯಾಗಿ ಕಂಡೀತು. ಕಾಣಲಿ. ನನಗೆ ಇರುವುದು ಒಬ್ಬಳೇ ಅಕ್ಕ. ರಸ್ತೆಯ ಭವಿಷ್ಯ ಎಂದರೆ ಅದರ ಮೇಲೆ, ಕೆಳಗೆ ಇರುವವರ ಭವಿಷ್ಯವಲ್ಲದೆ ಮತ್ತೇನು? ಕಲ್ಲಿಗೆ ಎಂಥ ಭವಿಷ್ಯ? ಅದು ಹೊಳೆಗೆ ಬಿದ್ದರೂ ಕಲ್ಲೇ.

ಅದಕ್ಕೆ ನನ್ನ ಬೇಡಿಕೆಯನ್ನು ಅರ್ಜಿಯ ಭಾಷೆಯಲ್ಲಿ ಅಲ್ಲ, ಬಾಯಿಮಾತಿನಲ್ಲಿ ಹೇಳುತ್ತೇನೆ. ರಸ್ತೆ ಕೆಡವುವುದಾದರೆ ಕೆಡವಿರಿ, ಆದರೆ ಬಸ್ಸು ಹೋಗುವ ಇನ್ನೊಂದು ನೇರ ದಾರಿ ಕಟ್ಟಿ, ಅದರ ಮೇಲೆ ಒಂದು ಮಳೆಗಾಲ ಕಳೆದ ಮೇಲೆ. ಉಳಿಸುವುದಾದರೆ ಉಳಿಸಿರಿ, ಆದರೆ ಹಲಗೆಗೆ ಬಣ್ಣ ಬಳಿಯುವುದನ್ನು ಬಿಟ್ಟು ಬಿರುಕಿಗೆ ಗಾರೆ ಹಾಕಿ. ಮೊದಲ ಕಮಾನಿಗೆ ಇವತ್ತೇ ಆಸರೆ ಕಂಬ ಕೊಡಿರಿ. ಯಮನವ್ವನ ತಲೆಯ ಮೇಲೆ ಕಲ್ಲು ಬೀಳಲಿ ಎಂದು ನಾನೂ ಹೇಳುವುದಿಲ್ಲ. ಅವಳನ್ನು ಕದಲಿಸಲೇಬೇಕಾದರೆ ಬಸ್ಸು ನಿಲ್ಲುವಲ್ಲಿ ಒಂದು ಒಲೆಯ ಜಾಗ ತೋರಿಸಿ ಕದಲಿಸಿರಿ. ಮತ್ತು ನಿಮ್ಮ ಹಳೆಯ ಆದೇಶಕ್ಕೆ ಒಂದು ಸಾಲು ಸೇರಿಸಿರಿ: ಬಸ್ಸು ದಾಟಿದ ಮೇಲೆ ಜನ ದಾಟತಕ್ಕದ್ದು. ಖಂಡೆಪ್ಪ ಬರೆದದ್ದನ್ನು ಮಾತ್ರ ಪಾಲಿಸುವ ಮನುಷ್ಯ, ನಿಮ್ಮ ಕಚೇರಿಯಲ್ಲಿದ್ದರೆ ಬಹಳ ಮೇಲೆ ಬರುತ್ತಿದ್ದ.

ಇದರಲ್ಲಿ ಯಾವುದಕ್ಕೂ ನಿಮಗೆ ಪುರಸೊತ್ತಿಲ್ಲದಿದ್ದರೆ, ಒಂದೇ ಒಂದು ಕೆಲಸ ಮಾಡಿರಿ. ಜೀಪು ಬಿಟ್ಟು ಘಟಪ್ರಭಾದಲ್ಲಿ ಸಂಜೆಯ ಬಸ್ಸು ಹತ್ತಿರಿ. ಮೊದಲ ಕಮಾನಿನ ಬಳಿ ನಮ್ಮ ಜೊತೆ ಇಳಿಯಿರಿ. ಸೀಟಿಗೆ ಟವೆಲ್ಲು ಹಾಕುವುದನ್ನು ಮರೆಯಬೇಡಿರಿ, ಅಲ್ಲಿ ಹುದ್ದೆ ನಡೆಯುವುದಿಲ್ಲ.

ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು ಅಕ್ಕನಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿದಳು. ದೊಡ್ಡವರಿಗೆ ಇಷ್ಟು ಕೊಂಕು ಮಾತು ಒಳ್ಳೆಯದಲ್ಲ, ಅವರೂ ಹಗಲೆಲ್ಲ ದುಡಿದು ಹಸಿದಿರುತ್ತಾರೆ ಎಂದಳು. ಹಾಗಾದರೆ ಏನು ಬರೆಯಲಿ, ನೀನೇ ಹೇಳು ಎಂದೆ. ಅಕ್ಕ ಹೇಳಿದಳು:

"ಯಮನವ್ವ ಅವರಿಗೂ ಒಂದ್ ರೊಟ್ಟಿ ಬಡೀತಾಳಂತ ಬರಿ. ಹೊತ್ತ ಮುಳುಗೂದರಾಗ ಬರಾಕ ಹೇಳ."

ಇಂತಿ,
ನಿಮ್ಮ ಲೆಕ್ಕದಲ್ಲಿ ಬಸ್ಸಿನಿಂದ ಇಳಿದೊಡನೆ ತೂಕ ಕಳೆದುಕೊಳ್ಳುವ,
ಕುಂಥುನಾಥ ಮಗದುಮ್
ಪಾತ್ರೆ ವ್ಯಾಪಾರಿ, ಪೇಟೆ ಓಣಿ